ಗಣಕದ ಗದ್ದಲ: ಕೂಲರ್ ಕೊಳ್ಳುವ ಮೊದಲು ಕಿವಿಗೊಟ್ಟು ಕೇಳಿ

ನನ್ನ ಡೆಸ್ಕ್‌ಟಾಪಿನ ಸದ್ದು ಅಡಗಿಸಲು 9,000 ರೂಪಾಯಿ ಕೊಟ್ಟು 240 ಮಿ.ಮೀ. ರೇಡಿಯೇಟರಿನ ನೀರಿನ ಕೂಲರ್ ತಂದು ಕೂರಿಸಿದೆ. ಕಂಪ್ಯೂಟರಿನ ಮುಖ್ಯ ಚಿಪ್ಪಾದ ಪ್ರೊಸೆಸರಿನ ಶಾಖವನ್ನು ಪಂಪಿನಿಂದ ಹರಿಯುವ ನೀರು ರೇಡಿಯೇಟರಿಗೆ ಹೊತ್ತೊಯ್ಯುತ್ತದೆ, ಅಲ್ಲಿನ ಫ್ಯಾನುಗಳು ಅದನ್ನು ಹೊರಗೆ ಬೀಸುತ್ತವೆ. ಸ್ಕ್ರೂ ಬಿಗಿದು ಸ್ವಿಚ್ ಒತ್ತಿ ಕಿವಿಗೊಟ್ಟರೆ ಅದೇ ಹಳೆಯ ಸುಂಯ್ ಸದ್ದು. ಎರಡು ದಿನ ಕೂಲರನ್ನು ಬೈದುಕೊಂಡೆ. ಮೂರನೆಯ ದಿನ ಕ್ಯಾಬಿನೆಟ್ಟಿನ ಹಿಂಬದಿಯ ಫ್ಯಾನಿನ ನಡುವಿನ ಬಿಲ್ಲೆಗೆ ಬೆರಳು ಒತ್ತಿದಾಗ ಕೋಣೆ ತಟ್ಟನೆ ಸ್ತಬ್ಧವಾಯಿತು. ಕ್ಯಾಬಿನೆಟ್ಟಿನ ಜೊತೆಗೇ ಬಂದಿದ್ದ ಆ ಮೂರು ಪಿನ್ನಿನ ಫ್ಯಾನ್, ಮದರ್‌ಬೋರ್ಡಿನ (ಎಲ್ಲ ಭಾಗಗಳೂ ಕೂಡುವ ಮುಖ್ಯ ಫಲಕದ) ಒಂದು ತಪ್ಪು ಸೆಟ್ಟಿಂಗಿನಿಂದಾಗಿ ಮೊದಲ ದಿನದಿಂದಲೂ ಪೂರ್ಣ ವೇಗದಲ್ಲಿ ಓಡುತ್ತಿತ್ತು. ಬಯೋಸಿನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗುಗಳ ಪುಟದಲ್ಲಿ, ಒಂದು ಸಾಲು ಬದಲಿಸಿದೆ. ಖರ್ಚು ಸೊನ್ನೆ.

ರಾತ್ರಿ ಹೊತ್ತು ಮನೆಯಲ್ಲೇ ಧ್ವನಿಮುದ್ರಣ ಮಾಡುವವನಾದ್ದರಿಂದ ಮೌನ ನನಗೆ ಶೋಕಿಯಲ್ಲ, ಹೊಟ್ಟೆಪಾಡು. ಆ 9,000 ರೂಪಾಯಿಯ ಪಾಠದ ನಂತರ ಗೆಳೆಯರ, ನೆಂಟರ ಹತ್ತಾರು ಕಂಪ್ಯೂಟರುಗಳ ಸದ್ದು ಹುಡುಕಿಕೊಟ್ಟಿದ್ದೇನೆ. ಅವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಕೂಲರ್ ಬೇಕಾಗಿರಲಿಲ್ಲ. ಬೇಕಾದ ಕಡೆಯೂ ಎಂಥದ್ದು ಬೇಕು ಎಂಬುದನ್ನು ಸದ್ದೇ ಹೇಳಿತು.

ಮೊದಲು ಮನೆಯನ್ನು ಸುಮ್ಮನಾಗಿಸಿ

ಹಗಲು ಹೊತ್ತಿನಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ರಾತ್ರಿ ಹತ್ತರ ಮೇಲೆ ಸೀಲಿಂಗ್ ಫ್ಯಾನ್ ನಿಲ್ಲಿಸಿ, ಬಾಗಿಲು ಹಾಕಿ ಕುಳಿತುಕೊಳ್ಳಿ. ಕಂಪ್ಯೂಟರನ್ನು ಪೂರ್ತಿ ಆರಿಸಿ ಅರ್ಧ ನಿಮಿಷ ಕೇಳಿ. ಆಗಲೂ ಉಳಿಯುವ ಸದ್ದು ಕಂಪ್ಯೂಟರಿನದಲ್ಲ. ಮೇಜಿನ ಕೆಳಗಿನ ಯುಪಿಎಸ್, ಪಕ್ಕದ ಗೋಡೆಯಾಚೆಯ ಇನ್ವರ್ಟರ್, ಅಡುಗೆಮನೆಯ ಫ್ರಿಜ್ ಇವೆಲ್ಲ ಗುಂಯ್‌ಗುಡುತ್ತಲೇ ಇರುತ್ತವೆ. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್‌ನದು. ಟ್ರಾನ್ಸ್‌ಫಾರ್ಮರ್ ಇರುವ ಉಪಕರಣ ಅದರ ಇಮ್ಮಡಿಯಾದ 100 ಹರ್ಟ್ಸ್‌ನಲ್ಲಿ ಗುನುಗುತ್ತದೆ. ಹಳೆಯ ಯುಪಿಎಸ್ಸಿನ ಆ ಗುನುಗನ್ನು ಕಂಪ್ಯೂಟರಿನ ತಲೆಗೆ ಕಟ್ಟಿದವರನ್ನು ನಾನು ಇಬ್ಬರನ್ನಾದರೂ ಕಂಡಿದ್ದೇನೆ.

ಇನ್ನು ಕಂಪ್ಯೂಟರ್ ಚಾಲೂ ಮಾಡಿ, ಕ್ಯಾಬಿನೆಟ್ಟಿನ ಕೆಳಗೆ ಮಡಿಸಿದ ದಪ್ಪ ಜಮಖಾನೆಯನ್ನು ಇಡಿ. ತಳದಲ್ಲಿ ಎಸ್‌ಎಂಪಿಎಸ್‌ನ (ಒಳಗಿನ ಭಾಗಗಳಿಗೆ ವಿದ್ಯುತ್ತು ಒದಗಿಸುವ ಡಬ್ಬಿಯ) ಗಾಳಿಕಂಡಿ ಇದ್ದರೆ ಅದು ಮುಚ್ಚಿಹೋಗದಂತೆ ನಾಲ್ಕು ಮೂಲೆಗೆ ಮಾತ್ರ ಮಡಿಸಿದ ಬಟ್ಟೆ ಸಾಕು. ಗುಂಯ್ ಸದ್ದು ಅರ್ಧಕ್ಕರ್ಧ ಇಳಿಯಿತೆಂದರೆ ತಪ್ಪಿತಸ್ಥ ಗಾಳಿಯಲ್ಲ, ನಡುಕ. ಫ್ಯಾನೋ ಹಾರ್ಡ್ ಡಿಸ್ಕೋ ನಡುಗುತ್ತಿದೆ, ಮೇಜು ವೀಣೆಯ ಕೊಡದಂತೆ ಅದನ್ನು ಹಿಗ್ಗಿಸುತ್ತಿದೆ. ಆಮೇಲೆ ಪಕ್ಕದ ಬಾಗಿಲನ್ನು ತೆಗೆದು ನೋಡಿ. ಸದ್ದು ಹೆಚ್ಚಿದರೆ ಅದು ಸಹಜ, ಒಳಗಿನದು ಹೊರಗೆ ಕೇಳುತ್ತಿದೆ. ತೆಗೆದ ಹತ್ತು ನಿಮಿಷದಲ್ಲಿ ಸದ್ದು ಇಳಿದರೆ ಮಾತ್ರ ಅದು ದೊಡ್ಡ ಸುಳಿವು: ಕ್ಯಾಬಿನೆಟ್ಟಿಗೆ ಉಸಿರು ಕಟ್ಟಿದೆ, ಫ್ಯಾನುಗಳು ಬಿಸಿಗಾಳಿಯನ್ನೇ ಮತ್ತೆ ಮತ್ತೆ ಕುಡಿಯುತ್ತಿವೆ.

ಮೂರು ಹೊತ್ತಿನ ಲೆಕ್ಕ

ಸದ್ದು ಯಾವಾಗ ಬರುತ್ತದೆ ಎಂಬುದು ಎಲ್ಲಿಂದ ಬರುತ್ತದೆ ಎಂಬುದಕ್ಕಿಂತ ಮುಖ್ಯ. ಒಂದು ಹಾಳೆ ತೆಗೆದುಕೊಂಡು ಮೂರು ಹೊತ್ತಿನ ಅಂಕಿಗಳನ್ನು ಬರೆದಿಡಿ: ತಣ್ಣಗಿದ್ದ ಯಂತ್ರ ಶುರುವಾದ ಮೊದಲ ಎರಡು ನಿಮಿಷ, ಸುಮ್ಮನಿದ್ದ ಕಾಲು ಗಂಟೆಯ ನಂತರ, ಭಾರದ ಕೆಲಸ ಕೊಟ್ಟ ಕಾಲು ಗಂಟೆಯ ನಂತರ. ವಿಂಡೋಸಿನಲ್ಲಿ ಎಚ್‌ಡಬ್ಲ್ಯೂಇನ್ಫೋ, ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಎಂಬ ತಂತ್ರಾಂಶಗಳು ಪ್ರೊಸೆಸರಿನ ತಾಪಮಾನವನ್ನೂ ಪ್ರತಿ ಫ್ಯಾನಿನ ಆರ್‌ಪಿಎಂ ಅನ್ನೂ (ನಿಮಿಷಕ್ಕೆ ಎಷ್ಟು ಸುತ್ತು) ತೋರಿಸುತ್ತವೆ. ಕೋಣೆಯ ತಾಪಮಾನವನ್ನೂ ಬರೆಯಿರಿ. ಅದಿಲ್ಲದೆ ಉಳಿದ ಅಂಕಿಗಳಿಗೆ ಅರ್ಥವಿಲ್ಲ. ಕೂಲರ್ ಮಾಡುವುದು ಕೋಣೆಯ ಗಾಳಿಗಿಂತ ಇಷ್ಟು ಡಿಗ್ರಿ ಮೇಲೆ ಪ್ರೊಸೆಸರನ್ನು ಹಿಡಿದಿಡುವ ಕೆಲಸ. 27 ಡಿಗ್ರಿಯ ಕೋಣೆಯಲ್ಲಿ 65 ಡಿಗ್ರಿ ಇದ್ದದ್ದು 38 ಡಿಗ್ರಿಯ ಕೋಣೆಯಲ್ಲಿ ಅದೇ ಫ್ಯಾನ್ ವೇಗಕ್ಕೆ ಸುಮಾರು 76 ಆಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರಿನಲ್ಲಿ ಹೊಂದಿಸಿ ಕಲಬುರಗಿಗೆ ಒಯ್ದ ಯಂತ್ರ ಮೇ ತಿಂಗಳಲ್ಲಿ ಅರಚಿಕೊಂಡರೆ ಅದು ಕೆಟ್ಟಿದೆ ಎಂದಲ್ಲ.

ಈಗ ಒಂದೊಂದನ್ನೇ ಬಾಯಿ ಮುಚ್ಚಿಸುವ ಸರದಿ. ಕ್ಯಾಬಿನೆಟ್ ಫ್ಯಾನುಗಳ ನಡುವಿನ ಬಿಲ್ಲೆಗೆ ಬೆರಳ ತುದಿಯನ್ನು ಮೆಲ್ಲಗೆ ಒತ್ತಿ ಎರಡು ಸೆಕೆಂಡು ನಿಲ್ಲಿಸಬಹುದು. ರೆಕ್ಕೆಗೆ ಬೆರಳು ಕೊಡಬೇಡಿ. ಪ್ರೊಸೆಸರ್ ಫ್ಯಾನನ್ನು ಸುಮ್ಮನಿದ್ದಾಗ ಮಾತ್ರ, ಕೆಲವೇ ಸೆಕೆಂಡು. ನೀರಿನ ಕೂಲರಿನ ಪಂಪನ್ನು ಹೀಗೆ ಪರೀಕ್ಷಿಸಲಾಗದು. ಬಯೋಸಿನಲ್ಲಿ ಅದರ ವೇಗವನ್ನು ಹಂತ ಹಂತವಾಗಿ ಇಳಿಸಿ ಕೇಳಬೇಕು. ಬೆರಳು ಹೋಗದ ಕಡೆಗೆ ಬಟ್ಟೆಯಂಗಡಿಯವರು ಎಸೆಯುವ ರಟ್ಟಿನ ಕೊಳವೆಯೊಂದನ್ನು ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಭಾಗದಿಂದ ಭಾಗಕ್ಕೆ ಸರಿಸಿ. ವೈದ್ಯರ ಸ್ಟೆತಸ್ಕೋಪ್ ನಾಚಬೇಕು, ಅಷ್ಟು ಚೆನ್ನಾಗಿ ಸದ್ದಿನ ತಾಣ ಸಿಗುತ್ತದೆ.

ಎಸ್‌ಎಂಪಿಎಸ್ ಬಗ್ಗೆ ಒಂದು ಕಟ್ಟಪ್ಪಣೆ: ಅದರ ಸದ್ದನ್ನು ಹಿಂದಿನ ಜಾಲರಿಯ ಬಳಿ ಕೊಳವೆ ಹಿಡಿದು ಕೇಳಿ, ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಅದರ ಫ್ಯಾನ್ ಕೆಟ್ಟಿದ್ದರೆ ವಾರಂಟಿಗೆ ಕಳಿಸಿ, ಇಲ್ಲವೇ ಬದಲಿಸಿ.

ಸುಂಯ್ ಎನ್ನುವ ಗಾಳಿಯ ಸದ್ದು

ಇದು ಎಲ್ಲಕ್ಕಿಂತ ಸಾಮಾನ್ಯ ದೂರು, ಎಲ್ಲಕ್ಕಿಂತ ಸುಲಭವಾಗಿ ಪರಿಹಾರವಾಗುವ ದೂರು ಕೂಡ. ಸುಮ್ಮನಿದ್ದಾಗಲೂ ಒಂದೇ ಸಮನೆ ಸುಂಯ್‌ಗುಟ್ಟುತ್ತಿದ್ದರೆ ಮೊದಲು ಫ್ಯಾನಿನ ತಂತಿಯ ತುದಿಯ ಪಿನ್ನುಗಳನ್ನು ಎಣಿಸಿ. ಮೂರು ಪಿನ್ನಿನ ಫ್ಯಾನಿನ ವೇಗವನ್ನು ಮದರ್‌ಬೋರ್ಡ್ ವೋಲ್ಟೇಜ್ ಇಳಿಸಿ ನಿಯಂತ್ರಿಸಬೇಕು. ನಾಲ್ಕು ಪಿನ್ನಿನದಕ್ಕೆ 12 ವೋಲ್ಟ್ ಸದಾ ಹರಿಯುತ್ತಿರುತ್ತದೆ, ನಾಲ್ಕನೆಯ ತಂತಿಯ ಮೂಲಕ ಪಿಡಬ್ಲ್ಯೂಎಂ ಎಂಬ ಸಂಕೇತ ವೇಗವನ್ನು ಹೇಳುತ್ತದೆ. ಬಯೋಸಿನಲ್ಲಿ ಆ ಕನೆಕ್ಟರ್ ಪಿಡಬ್ಲ್ಯೂಎಂ ಎಂದು ಹೊಂದಿಸಲ್ಪಟ್ಟಿದ್ದು, ನೀವು ಮೂರು ಪಿನ್ನಿನ ಫ್ಯಾನ್ ಚುಚ್ಚಿದ್ದರೆ ಅದಕ್ಕೆ ಸಂಕೇತವೇ ತಲುಪದು, 12 ವೋಲ್ಟ್ ಕುಡಿದು ಓಡುತ್ತಲೇ ಇರುತ್ತದೆ. ನನ್ನ ಕತೆ ಇದೇ. ಆ ಸಾಲನ್ನು ಡಿಸಿ (ವೋಲ್ಟೇಜ್ ಇಳಿಸಿ ನಿಯಂತ್ರಿಸುವ ಬಗೆ) ಎಂದು ಬದಲಿಸಿ. ನಾಲ್ಕು ಪಿನ್ನಿನ ಫ್ಯಾನುಗಳಿಗೆ ಈ ಸಂಕೇತ 25 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ, ಅಂದರೆ ಮನುಷ್ಯನ ಕಿವಿಗೆ ನಿಲುಕುವ 20 ಕಿಲೋಹರ್ಟ್ಸ್‌ಗಿಂತ ಮೇಲೆ. ಕೆಲವು ಅಗ್ಗದ ನಿಯಂತ್ರಕಗಳು ಮೂರು ಪಿನ್ನಿನ ಫ್ಯಾನಿನ ವಿದ್ಯುತ್ತನ್ನೇ ಕಡಿಮೆ ಆವರ್ತನದಲ್ಲಿ ಕತ್ತರಿಸಿ ಕತ್ತರಿಸಿ ಕೊಡುತ್ತವೆ. ನಿಧಾನ ವೇಗದಲ್ಲಿ ಟಿಕ್ ಟಿಕ್ ಎಂದು ಕೇಳುವುದು ಹೆಚ್ಚಾಗಿ ಅದು. ಫ್ಯಾನ್ ಬದಲಿಸಿದರೂ ಹೋಗುವುದಿಲ್ಲ, ನಿಯಂತ್ರಕ ಬದಲಿಸಬೇಕು.

ಸೆಟ್ಟಿಂಗ್ ಸರಿಯಿದ್ದೂ ಫ್ಯಾನ್ ಓಡುತ್ತಿದ್ದರೆ ಅದಕ್ಕೆ ಓಡುವ ಕಾರಣವಿದೆ, ಅಂದರೆ ಶಾಖವಿದೆ. ಧೂಳನ್ನು ನೋಡಿ. ನಮ್ಮ ಮನೆಗಳ ಧೂಳು ಬರೀ ಧೂಳಲ್ಲ. ಒಗ್ಗರಣೆಯ ಹೊಗೆ, ಊದುಬತ್ತಿಯ ಹೊಗೆ ಸೇರಿ ಅಂಟಂಟಾಗಿ ಹೀಟ್‌ಸಿಂಕಿನ (ಪ್ರೊಸೆಸರಿನ ಶಾಖ ಹೀರುವ ಲೋಹದ ಕಟ್ಟಿನ) ಪದರಗಳ ನಡುವೆ ಕಂಬಳಿಯಂತೆ ಕೂತಿರುತ್ತದೆ. ಬ್ಲೋವರ್ ಬಿಟ್ಟರೆ ಮೇಲಿನದು ಹಾರುತ್ತದೆ, ಅಂಟಿದ್ದು ಉಳಿಯುತ್ತದೆ. ಫ್ಯಾನನ್ನು ಕಳಚಿ, ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಹೀಟ್‌ಸಿಂಕನ್ನು ಉಜ್ಜಿ. ಫ್ಯಾನ್ ಕಳಚದೆ ಬ್ಲೋವರ್ ಬಿಡುವುದಾದರೆ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಗಿರ್ರನೆ ತಿರುಗಿದ ಫ್ಯಾನ್ ಜನರೇಟರಿನಂತೆ ಮದರ್‌ಬೋರ್ಡಿಗೇ ವಿದ್ಯುತ್ತು ಹಿಂತಳ್ಳಬಲ್ಲದು, ಬೇರಿಂಗ್ ಸವೆಯುವುದು ಬೇರೆ.

ಧೂಳಿಲ್ಲ, ಆದರೂ ಬಿಸಿ ಎಂದರೆ ಹೀಟ್‌ಸಿಂಕ್ ಪ್ರೊಸೆಸರಿಗೆ ಸರಿಯಾಗಿ ಕೂತಿಲ್ಲ. ಇಂಟೆಲ್ ಪ್ರೊಸೆಸರಿನ ಜೊತೆ ಬರುವ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಗೂಟಗಳು. ಅವುಗಳಲ್ಲಿ ಒಂದು ಪೂರ್ತಿ ಇಳಿಯದೆ ಅರ್ಧಕ್ಕೆ ನಿಂತಿರುವುದು ಬಹಳ ಸಾಮಾನ್ಯ. ಬೋರ್ಡಿನ ಹಿಂಬದಿಯಿಂದ ಟಾರ್ಚ್ ಬೆಳಕು ಬಿಟ್ಟು ನೋಡಿದರೆ ನಾಲ್ಕೂ ಸಮನಾಗಿ ಹೊರಚಾಚಿರಬೇಕು. ಎರಡರ ನಡುವೆ ಶಾಖ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ನಾಲ್ಕೈದು ವರ್ಷದ್ದಾಗಿದ್ದು ಒಣಗಿ ಹುಡಿಯಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ನಡುವೆ ಇಟ್ಟು ಕೂರಿಸಿ. ಒಮ್ಮೆ ಬಂಧುವೊಬ್ಬರ ಮನೆಯ ಹೊಸ ಕೂಲರನ್ನು ಎತ್ತಿ ನೋಡಿದರೆ ತಳಕ್ಕೆ ಅಂಟಿಸಿದ್ದ ರಕ್ಷಣೆಯ ಪ್ಲಾಸ್ಟಿಕ್ ಹಾಳೆಯನ್ನೇ ತೆಗೆದಿರಲಿಲ್ಲ. ಎಂಟು ತಿಂಗಳು ಆ ಯಂತ್ರ ರೇನ್‌ಕೋಟ್ ಹಾಕಿಕೊಂಡೇ ಸ್ನಾನ ಮಾಡಿತ್ತು.

ಇವೆಲ್ಲ ಸರಿಯಿದ್ದರೆ ಪ್ರೊಸೆಸರ್ ಕುಡಿಯುವ ವಿದ್ಯುತ್ತಿನ ಮಿತಿಯನ್ನು ನೋಡಿ. ಡಬ್ಬಿಯ ಮೇಲೆ 65 ವಾಟ್ ಎಂದು ಬರೆದಿದ್ದರೂ ಇಂಟೆಲ್ ಐ5-12400 ಟರ್ಬೊ ವೇಗದಲ್ಲಿ 117 ವಾಟ್‌ವರೆಗೆ ಹೋಗಬಲ್ಲದು. ಎಎಂಡಿಯ ಎಎಂ4, ಎಎಂ5 ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ) 105 ವಾಟಿನ ಪ್ರೊಸೆಸರಿಗೆ ನಿಜವಾದ ಮಿತಿ 142 ವಾಟ್. ಹಲವು ಮದರ್‌ಬೋರ್ಡುಗಳು ಈ ಮಿತಿಗಳನ್ನೂ ಸಡಿಲಿಸಿಯೇ ಕಾರ್ಖಾನೆಯಿಂದ ಬರುತ್ತವೆ. ಎಎಂಡಿಯಲ್ಲಿ ಇಕೋ ಮೋಡ್ ಆರಿಸಿ 65 ವಾಟಿನ ವರ್ಗಕ್ಕೆ ಇಳಿಸಿದರೆ ಮಿತಿ 88 ವಾಟ್‌ಗೆ ಬರುತ್ತದೆ. ಕಳೆದುಕೊಳ್ಳುವ ವೇಗ ನಿತ್ಯದ ಕೆಲಸದಲ್ಲಿ ಅರಿವಿಗೇ ಬರುವುದಿಲ್ಲ, ಇಳಿಯುವ ಸದ್ದು ಮಾತ್ರ ಮೊದಲ ದಿನವೇ ತಿಳಿಯುತ್ತದೆ. ಯಾವ ಕೂಲರ್ ಕೊಂಡರೂ ಈ ಬಿಟ್ಟಿ ಉಪಾಯಕ್ಕೆ ಸಮವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಸಮಾಧಾನದ ಮಾತನ್ನೂ ಹೇಳಬೇಕು: 2022ರ ರೈಜೆನ್ 7000 ಸರಣಿಯ ದೊಡ್ಡ ಪ್ರೊಸೆಸರುಗಳು ಭಾರದ ಕೆಲಸದಲ್ಲಿ 95 ಡಿಗ್ರಿ ತಲುಪುವಂತೆಯೇ ವಿನ್ಯಾಸಗೊಂಡವು. ಆ ಅಂಕಿ ಕಂಡು ಗಾಬರಿಯಾಗಿ ಫ್ಯಾನುಗಳನ್ನು ಹುಚ್ಚೆಬ್ಬಿಸಬೇಡಿ.

ಏರಿಳಿಯುವ ಸದ್ದು

ಬ್ರೌಸರ್ ತೆರೆದರೆ ಭರ್ರ್, ಐದು ಸೆಕೆಂಡಿಗೆ ಶಾಂತ, ಮತ್ತೆ ಭರ್ರ್. ಇದು ಫ್ಯಾನಿನ ದೋಷವಲ್ಲ. ಇಂದಿನ ಪ್ರೊಸೆಸರಿನ ತಾಪಮಾನ ಒಂದೇ ಸೆಕೆಂಡಿನಲ್ಲಿ 15-20 ಡಿಗ್ರಿ ನೆಗೆದು ಇಳಿಯುತ್ತದೆ, ಕಾರ್ಖಾನೆಯ ಸೆಟ್ಟಿಂಗಿನಲ್ಲಿ ಫ್ಯಾನ್ ಆ ಪ್ರತಿ ನೆಗೆತದ ಬೆನ್ನು ಹತ್ತುತ್ತದೆ. ಆದರೆ ಹೀಟ್‌ಸಿಂಕಿನ ಲೋಹ ಅಷ್ಟು ಬೇಗ ಬಿಸಿಯಾಗುವುದೂ ಇಲ್ಲ, ತಣಿಯುವುದೂ ಇಲ್ಲ. ಬಯೋಸಿನ ಫ್ಯಾನ್ ವಿಭಾಗದಲ್ಲಿ ವೇಗ ಏರಲು, ಇಳಿಯಲು ಎಷ್ಟು ಹೊತ್ತು ತೆಗೆದುಕೊಳ್ಳಬೇಕು ಎಂಬ ಆಯ್ಕೆ ಇರುತ್ತದೆ. ಅದನ್ನು ಸಿಗುವಷ್ಟು ಹೆಚ್ಚಿಸಿ. ಯಾವ ತಾಪಕ್ಕೆ ಎಷ್ಟು ವೇಗ ಎಂದು ಅಲ್ಲೇ ತೋರಿಸುವ ವೇಗದ ನಕ್ಷೆಯನ್ನು 60 ಡಿಗ್ರಿಯವರೆಗೆ ಸಪಾಟಾಗಿ ಮಲಗಿಸಿ, ಅಲ್ಲಿಂದ 80ರವರೆಗೆ ಮೆಲ್ಲನೆ ಏರಿಸಿ. ಕಿವಿ ಒಂದೇ ಸಮನಾದ ಸದ್ದನ್ನು ಹತ್ತು ನಿಮಿಷದಲ್ಲಿ ಮರೆಯುತ್ತದೆ, ಏರಿಳಿತವನ್ನು ಮರೆಯುವುದಿಲ್ಲ. ಮಳೆಯ ಸದ್ದಿಗೆ ನಿದ್ದೆ ಬರುತ್ತದೆ, ತೊಟ್ಟಿಕ್ಕುವ ನಲ್ಲಿಗೆ ಬರುವುದಿಲ್ಲವಲ್ಲ.

ವ್ಹೋಂ... ವ್ಹೋಂ... ಎಂಬ ಅಲೆ

ತಂಬೂರಿ ಶ್ರುತಿ ಮಾಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ನಡುವಿನ ಎರಡು ತಂತಿಗಳು ಕೂದಲೆಳೆಯಷ್ಟು ಬೇರೆಯಾಗಿದ್ದಾಗ ನಾದ ಅಲೆಅಲೆಯಾಗಿ ಏಳುತ್ತದೆ, ಕೂಡಿಕೊಂಡಾಗ ಅಲೆ ನಿಲ್ಲುತ್ತದೆ. ಒಂಬತ್ತು ರೆಕ್ಕೆಯ ಫ್ಯಾನ್ ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 20 ಸುತ್ತು, 180 ರೆಕ್ಕೆ. ಅದರ ಸ್ವರ 180 ಹರ್ಟ್ಸ್. ಪಕ್ಕದ ಅಂಥದ್ದೇ ಫ್ಯಾನ್ 1220ರಲ್ಲಿದ್ದರೆ 183 ಹರ್ಟ್ಸ್. ಎರಡೂ ಸೇರಿ ಸೆಕೆಂಡಿಗೆ ಮೂರು ಬಾರಿ ಉಬ್ಬಿ ತಗ್ಗುತ್ತವೆ. ಒಂದೇ ಕನೆಕ್ಟರಿಗೆ ಕವಲು ತಂತಿಯಲ್ಲಿ ಜೋಡಿಸಿದ ಎರಡು ಫ್ಯಾನುಗಳು ಕೂಡ ಪಕ್ಕಾ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಹಾಗಾಗಿ ಕೂಡಿಸಲು ಹೋಗಬೇಡಿ, ಬೇರ್ಪಡಿಸಿ: ಒಂದನ್ನು ಇನ್ನೊಂದಕ್ಕಿಂತ ನೂರೈವತ್ತು ಸುತ್ತು ಕಡಿಮೆ ಮಾಡಿದರೆ ಅಲೆ ಕರಗಿಹೋಗುತ್ತದೆ.

ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ, ಉದಾಹರಣೆಗೆ 900 ಮತ್ತು 1000ದ ನಡುವೆ ಮಾತ್ರ, ಫ್ಯಾನ್ ಗುಂಯ್‌ಗುಟ್ಟಿದರೆ ಅದು ಚೌಕಟ್ಟಿನ ಅನುರಣನ. ವೇಗದ ನಕ್ಷೆಯಲ್ಲಿ ಆ ಪಟ್ಟಿಯನ್ನು ಜಿಗಿದು ಹೋಗುವಂತೆ ಹೊಂದಿಸಿದರೆ ಆಯಿತು. ಮೊಬೈಲಿನಲ್ಲಿ ಆವರ್ತನ ತೋರಿಸುವ ಉಚಿತ ಆ್ಯಪ್‌ಗಳಿವೆ. ಅವುಗಳ ಡೆಸಿಬೆಲ್ ಅಂಕಿಯನ್ನು ನಂಬಬೇಡಿ, ಹರ್ಟ್ಸ್ ಅಂಕಿಯನ್ನು ನಂಬಬಹುದು. ಪರದೆಯಲ್ಲಿ 120 ಹರ್ಟ್ಸ್‌ನ ಗೂಟ ಎದ್ದು ನಿಂತಿದ್ದರೆ ಫ್ಯಾನುಗಳನ್ನು ಬಿಟ್ಟು 7200 ಸುತ್ತಿನ ಹಾರ್ಡ್ ಡಿಸ್ಕನ್ನು ಹಿಡಿಯಿರಿ. 5400ದ್ದಾದರೆ ಅದು 90 ಹರ್ಟ್ಸ್. ಸ್ಕ್ರೂಗಳಿಗೆ ರಬ್ಬರ್ ಬಿಲ್ಲೆ ಹಾಕಿ ಬಿಗಿದರೆ ಅರ್ಧ ಸಮಸ್ಯೆ ಹೋಗುತ್ತದೆ, ಎಸ್‌ಎಸ್‌ಡಿಗೆ ಬದಲಾದರೆ ಪೂರ್ತಿ.

ಕಟಕಟ, ಗೊರಗೊರ, ಕೀಚು

ಕಟಕಟ ಎಂದರೆ ರೆಕ್ಕೆಗೆ ತಂತಿ ತಾಗುತ್ತಿದೆ. ಕಟ್ಟಿ ಬದಿಗೆ ಸರಿಸಿ. ಬೆಳಗ್ಗೆ ತಣ್ಣಗಿದ್ದಾಗ ಗೊರಗೊರ, ಹತ್ತು ನಿಮಿಷದಲ್ಲಿ ಮಾಯ ಎಂದರೆ ಬೇರಿಂಗಿನ ಎಣ್ಣೆ ಬತ್ತಿದೆ. ಸ್ಟಿಕರ್ ಬಿಡಿಸಿ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಬಿಟ್ಟರೆ ಕೆಲವು ತಿಂಗಳು ಸುಮ್ಮನಿರುತ್ತದೆ. ಆ ತಿಂಗಳುಗಳನ್ನು ಹೊಸ ಫ್ಯಾನ್ ಹುಡುಕಲು ಬಳಸಿಕೊಳ್ಳಿ.

ಕೀಚಲು ಸದ್ದು ಬೇರೆ ಜಾತಿಯದು. ಆಟ ಆಡುವಾಗ ಅಥವಾ ಪುಟ ಸರಿಸುವಾಗ ಮಾತ್ರ ಜೀರುಂಡೆಯಂತೆ ಕಿರ್ರೆನ್ನುವುದು ಗ್ರಾಫಿಕ್ಸ್ ಕಾರ್ಡಿನ ಅಥವಾ ಎಸ್‌ಎಂಪಿಎಸ್‌ನ ತಂತಿಸುರುಳಿಗಳ ನಡುಕ. ಎಂಥ ಕೂಲರೂ ಇದನ್ನು ತಡೆಯದು. ಆಟದ ಚೌಕಟ್ಟುಗಳ (ಸೆಕೆಂಡಿಗೆ ಬಿಡಿಸುವ ಚಿತ್ರಗಳ) ವೇಗವನ್ನು ಮಾನಿಟರಿನ ಮಿತಿಗೆ, 60 ಅಥವಾ 144ಕ್ಕೆ ಕಟ್ಟಿಹಾಕಿ. ಆಟದ ಮೆನುವಿನಲ್ಲಿ ಸೆಕೆಂಡಿಗೆ ಸಾವಿರ ಚೌಕಟ್ಟು ಬಿಡಿಸುತ್ತ ಕಿರುಚುತ್ತಿದ್ದ ಕಾರ್ಡು ಅಲ್ಲಿಗೆ ಸುಮ್ಮನಾಗುತ್ತದೆ. ಭಾರದ ಕೆಲಸದಲ್ಲಿ ಹೆಚ್ಚಿನ ಯಂತ್ರಗಳಲ್ಲಿ ಅತಿ ದೊಡ್ಡ ಗಲಾಟೆ ಗ್ರಾಫಿಕ್ಸ್ ಕಾರ್ಡಿನದೇ ಎಂಬುದನ್ನು, ಪ್ರೊಸೆಸರ್ ಕೂಲರಿಗೆ ದುಡ್ಡು ಸುರಿಯುವ ಮೊದಲು ನೆನಪಿಡಿ. ತೆಳುವಾದ ಎತ್ತರದ ಸಿಳ್ಳೆ ಬೋರ್ಡಿನ ಮೇಲಿಂದಲೇ ಬರುತ್ತಿದ್ದರೆ 2019ರ ಎಕ್ಸ್570 ಮದರ್‌ಬೋರ್ಡುಗಳಲ್ಲಿದ್ದಂಥ ಪುಟ್ಟ ಚಿಪ್‌ಸೆಟ್ ಫ್ಯಾನ್ ಇರಬಹುದು, ನೋಡಿ.

ಬುಳುಬುಳು: ನೀರಿನ ಕೂಲರಿನ ದೂರುಗಳು

ಮುಚ್ಚಿದ ನೀರಿನ ಕೂಲರಿನಲ್ಲಿ ಕೊಂಚ ಗಾಳಿ ಕಾರ್ಖಾನೆಯಿಂದಲೇ ಇರುತ್ತದೆ, ವರ್ಷಗಳು ಕಳೆದಂತೆ ನೀರು ಕೊಳವೆಯ ಗೋಡೆಯ ಮೂಲಕ ಅತಿ ನಿಧಾನವಾಗಿ ಆವಿಯಾಗಿ ಗಾಳಿ ಹೆಚ್ಚುತ್ತದೆ. ಗಾಳಿ ಎತ್ತರದ ಜಾಗವನ್ನು ಹುಡುಕುತ್ತದೆ. ಆ ಎತ್ತರದ ಜಾಗ ರೇಡಿಯೇಟರಿನ ತುದಿಯಾಗಿದ್ದರೆ ಅಲ್ಲೇ ತೆಪ್ಪಗೆ ಕೂರುತ್ತದೆ. ಪಂಪೇ ಎತ್ತರದಲ್ಲಿದ್ದರೆ ಪಂಪಿನೊಳಗೆ ಬುಳುಬುಳು ಶುರು, ಬಹುಕಾಲ ಹೀಗೆ ಓಡಿದರೆ ಪಂಪಿಗೂ ಕೇಡು. ರೇಡಿಯೇಟರನ್ನು ಕ್ಯಾಬಿನೆಟ್ಟಿನ ತಲೆಗೆ ಕಟ್ಟುವುದು ಉತ್ತಮ. ಮುಂಭಾಗಕ್ಕೆ ಕಟ್ಟುವುದಾದರೆ ಕೊಳವೆಗಳು ಕೆಳಬದಿಗೆ ಬರಲಿ, ರೇಡಿಯೇಟರಿನ ಮೇಲಂಚು ಪಂಪಿಗಿಂತ ಎತ್ತರವಿರಲಿ. ತಳಕ್ಕೆ ಮಲಗಿಸಲೇಬೇಡಿ. ಹೊಸದಾಗಿ ಕೂರಿಸಿದ್ದು ಬುಳುಬುಳಿಸಿದರೆ ಯಂತ್ರ ಓಡುತ್ತಿರುವಾಗಲೇ ಕ್ಯಾಬಿನೆಟ್ಟನ್ನು ಮೆಲ್ಲಗೆ ಆಚೀಚೆ ಬಾಗಿಸಿ ಗಾಳಿಯನ್ನು ರೇಡಿಯೇಟರಿಗೆ ಓಡಿಸಬಹುದು. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಯಂತ್ರ ಆರಿಸಿ ಅದರ ತಂತಿ ಬಿಡಿಸಿ, ಇಲ್ಲವಾದರೆ ಸದ್ದಿನ ಜೊತೆ ಕಡತಗಳೂ ಹೋಗುತ್ತವೆ.

ಬುಳುಬುಳು ಅಲ್ಲ, ಒಂದೇ ಸಮನೆ ತೆಳುವಾದ ಕೂಗು ಎಂದರೆ ಪಂಪಿನ ಮೋಟಾರು. ಪಂಪನ್ನು ಪ್ರೊಸೆಸರಿನ ತಾಪಮಾನಕ್ಕೆ ತಕ್ಕಂತೆ ಕುಣಿಸದೆ ಒಂದೇ ವೇಗಕ್ಕೆ ನಿಲ್ಲಿಸಿ. ಶೇ. 70-80ಕ್ಕೆ ಇಳಿಸಿದರೆ ಬಹುಪಾಲು ಪಂಪುಗಳ ಕೂಗು ಅಡಗುತ್ತದೆ, ತಾಪಮಾನ ಒಂದೆರಡು ಡಿಗ್ರಿ ಏರಿದರೆ ಹೆಚ್ಚು.

ಸುಮ್ಮನಿದ್ದಾಗಲೇ ಪ್ರೊಸೆಸರ್ ನಿಮಿಷಗಳಲ್ಲಿ 90 ದಾಟಿದರೆ ಎರಡು ಕೊಳವೆಗಳನ್ನೂ ಮುಟ್ಟಿ ನೋಡಿ. ನಿಮಿಷಕ್ಕೆ 1 ಲೀಟರ್ ಹರಿವಿರುವ ಆರೋಗ್ಯವಂತ ಕೂಲರಿನಲ್ಲಿ 150 ವಾಟ್ ಶಾಖ ನೀರನ್ನು ಬಿಸಿ ಮಾಡುವುದು ಸುಮಾರು 2 ಡಿಗ್ರಿಯಷ್ಟೇ. ಕೈಗೆ ಎರಡೂ ಒಂದೇ ತೆರನಾಗಿ ತಿಳಿಯಬೇಕು. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಹರಿವು ನಿಂತಿದೆ, ಪಂಪ್ ಸತ್ತಿದೆ ಅಥವಾ ಒಳದಾರಿ ಕಟ್ಟಿಕೊಂಡಿದೆ. ರಿಪೇರಿಗೆ ಕೈ ಹಾಕದೆ ವಾರಂಟಿ ಚೀಟಿ ಹುಡುಕಿ.

ಇನ್ನು ಕೊಳ್ಳುವ ಮಾತು

ಇಷ್ಟೆಲ್ಲ ಆದ ಮೇಲೂ ಕೂಲರ್ ಸಣ್ಣದೆಂದು ತಿಳಿದರೆ ಕೊಳ್ಳಿ. ಗಾಳಿಯೋ ನೀರೋ? ನೀರು ಸದ್ದನ್ನು ಕೊಲ್ಲುವುದಿಲ್ಲ, ಬೇರೆ ಕಡೆಗೆ ಸಾಗಿಸುತ್ತದೆ. ರೇಡಿಯೇಟರಿಗೂ ಫ್ಯಾನುಗಳೇ ಗಾಳಿ ಬೀಸಬೇಕು, ಅದರ ಮೇಲೆ ಪಂಪಿನ ದನಿ ಬೇರೆ. ಗಾಳಿಯ ಕೂಲರಿನಲ್ಲಿ ಕೆಡುವುದು ಫ್ಯಾನ್ ಒಂದೇ, ಅದನ್ನು ಬದಲಿಸಿದರೆ ಹೀಟ್‌ಸಿಂಕ್ ಹತ್ತು ಹದಿನೈದು ವರ್ಷ ಬಾಳುತ್ತದೆ. ನೀರಿನ ಕೂಲರಿನ ಆಯುಸ್ಸು ಅದರ ಪಂಪಿನ ಮತ್ತು ಉಳಿದ ನೀರಿನ ಆಯುಸ್ಸು. ವಾರಂಟಿಗಳೇ ಸಾಮಾನ್ಯವಾಗಿ ಐದಾರು ವರ್ಷಕ್ಕೆ ಮುಗಿಯುತ್ತವೆ. 150 ವಾಟಿನ ಆಸುಪಾಸಿನ ಪ್ರೊಸೆಸರಿಗೆ ನನ್ನ ಮತ ದೊಡ್ಡ ಗಾಳಿಯ ಕೂಲರಿಗೆ. 200 ವಾಟ್ ದಾಟಿ ಗಂಟೆಗಟ್ಟಲೆ ದುಡಿಸುವವರಿಗೆ, ಕ್ಯಾಬಿನೆಟ್ಟಿನಲ್ಲಿ ಎತ್ತರ ಸಾಲದವರಿಗೆ 280 ಅಥವಾ 360 ಮಿ.ಮೀ. ರೇಡಿಯೇಟರ್ ಸರಿ. ನೀರಿಗೆ ಒಂದು ನಿಜವಾದ ಗುಣವಿದೆ: ಅದು ನಿಧಾನವಾಗಿ ಬಿಸಿಯಾಗುತ್ತದೆ. ಪ್ರೊಸೆಸರಿನ ಬದಲು ನೀರಿನ ತಾಪಮಾನ ನೋಡಿ ಫ್ಯಾನ್ ನಡೆಸುವ ಕೂಲರ್ ಸಿಕ್ಕರೆ ಏರಿಳಿತದ ಕಾಟವೇ ಇರುವುದಿಲ್ಲ. ಬಿಡಿಭಾಗ ಕೊಂಡು ನೀವೇ ಜೋಡಿಸುವ ವ್ಯವಸ್ಥೆಗೆ ಹೋಗುವವರು ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಒಂದೇ ನೀರಿಗೆ ಇಳಿಸಬೇಡಿ, ಸವೆತ ಖಚಿತ. ಬೋರ್‌ವೆಲ್ ನೀರಿನ ಯೋಚನೆ ಕನಸಿನಲ್ಲೂ ಬೇಡ.

ಫ್ಯಾನಿನ ಲೆಕ್ಕವೊಂದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಗಾಳಿಯ ಪ್ರಮಾಣ ವೇಗದ ಜೊತೆ ಸಮನಾಗಿ ಇಳಿಯುತ್ತದೆ, ಸದ್ದು ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ವೇಗ ಅರ್ಧವಾದರೆ ಸುಮಾರು 15 ಡೆಸಿಬೆಲ್ ಕಡಿಮೆ. ಅದೇ, ಒಂದು ಫ್ಯಾನಿನ ಜೊತೆ ಅಂಥದ್ದೇ ಇನ್ನೊಂದನ್ನು ಸೇರಿಸಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. 1500 ಸುತ್ತಿನ ಒಂದು ಫ್ಯಾನಿನ ಜಾಗದಲ್ಲಿ 1000 ಸುತ್ತಿನ ಎರಡನ್ನು ಇಟ್ಟರೆ ಗಾಳಿ ಹೆಚ್ಚು, ಸದ್ದು ಸುಮಾರು ಆರು ಡೆಸಿಬೆಲ್‌ನಷ್ಟು ಕಡಿಮೆ ಎಂದಾಯಿತು. 120ರ ಬದಲು 140 ಮಿ.ಮೀ. ಹಿಡಿಸುವುದಾದರೆ ಅದನ್ನೇ ಕೊಳ್ಳಿ. ಬೆಂಗಳೂರಿನವರು ಒಂದು ಪಾಲು ಹೆಚ್ಚೇ ಲೆಕ್ಕ ಹಾಕಬೇಕು: 900 ಮೀಟರ್ ಮೀರಿದ ಎತ್ತರದಲ್ಲಿ ಗಾಳಿ ಕರಾವಳಿಗಿಂತ ಸುಮಾರು ಶೇ. 9ರಷ್ಟು ತೆಳು, ಅಷ್ಟೇ ಸುತ್ತಿಗೆ ಅಷ್ಟು ಕಡಿಮೆ ಶಾಖ ಹೊರುತ್ತದೆ. ಹವೆ ತಂಪಾಗಿರುವುದರಿಂದ ಈ ನಷ್ಟ ಯಾರ ಗಮನಕ್ಕೂ ಬರುವುದಿಲ್ಲ, ಅಷ್ಟೇ.

ಡಬ್ಬಿಯ ಮೇಲಿನ ಡೆಸಿಬೆಲ್ ಅಂಕಿಗಳನ್ನು ಬೇರೆ ಬೇರೆ ಕಂಪನಿಗಳ ನಡುವೆ ಹೋಲಿಸಲು ಹೋಗಬೇಡಿ. ಅಳೆದ ದೂರ ಇಮ್ಮಡಿಯಾದರೆ ಅಂಕಿ 6 ಇಳಿಯುತ್ತದೆ, ಎಲ್ಲರೂ ಒಂದೇ ದೂರದಿಂದ ಅಳೆಯುವುದಿಲ್ಲ. ಅದರ ಬದಲು ಮೂರು ವಿಷಯ ಕೇಳಿ: ಎಷ್ಟು ಕಡಿಮೆ ವೇಗಕ್ಕೆ ಇಳಿಯಬಲ್ಲದು, ಯಾವ ಬೇರಿಂಗ್, ಹೀಟ್‌ಸಿಂಕಿಗೋ ಖಾಲಿ ಕಂಡಿಗೋ. 400-500 ಸುತ್ತಿಗೆ ಇಳಿಯುವ ನಾಲ್ಕು ಪಿನ್ನಿನ ಫ್ಯಾನ್ ರಾತ್ರಿಯ ಕೆಲಸಕ್ಕೆ ಚಿನ್ನ. ಸಾದಾ ಸ್ಲೀವ್ ಬೇರಿಂಗಿನ ಫ್ಯಾನ್ ಹೊಸದರಲ್ಲಿ ಮೌನಿ, ಆದರೆ ಕ್ಯಾಬಿನೆಟ್ಟಿನ ತಲೆಯಲ್ಲಿ ಅಡ್ಡಲಾಗಿ ಮಲಗಿಸಿದರೆ ಬೇಗ ಸವೆಯುತ್ತದೆ. ಅಲ್ಲಿಗೆ ದ್ರವ ಬೇರಿಂಗಿನದೇ ಬೇಕು. ಹೀಟ್‌ಸಿಂಕ್ ಮತ್ತು ರೇಡಿಯೇಟರಿಗೆ ಒತ್ತಡದಿಂದ ಗಾಳಿ ನೂಕುವ, ರೆಕ್ಕೆಗೂ ಚೌಕಟ್ಟಿಗೂ ಅಂತರ ಕಡಿಮೆಯಿರುವ ಫ್ಯಾನ್ ಬೇಕು. ನಾಕ್ಟುವಾ 2018ರಲ್ಲಿ ತಂದ ಎನ್‌ಎಫ್-ಎ12ಎಕ್ಸ್25ರಲ್ಲಿ ಆ ಅಂತರ 0.5 ಮಿ.ಮೀ. ಮಾತ್ರ, ಬೆಲೆ ಕೇಳಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಅದರ ಕಾಲು ಭಾಗದ ಬೆಲೆಯ ಫ್ಯಾನುಗಳನ್ನು ನಿಧಾನಕ್ಕೆ ಓಡಿಸಿ ನಾನು ತೃಪ್ತನಾಗಿದ್ದೇನೆ.

ಎತ್ತರವನ್ನು ಅಳೆಯದೆ ಅಂಗಡಿಗೆ ಹೋಗಬೇಡಿ. ನಾಕ್ಟುವಾದ ಎನ್‌ಎಚ್-ಡಿ15 165 ಮಿ.ಮೀ., ಡೀಪ್‌ಕೂಲ್ ಎಕೆ400 155 ಮಿ.ಮೀ. ನಿಮ್ಮ ಕ್ಯಾಬಿನೆಟ್ 160 ಮಾತ್ರ ಹಿಡಿಸಿದರೆ ಮೊದಲನೆಯದರ ಜೊತೆ ಬಾಗಿಲು ಮುಚ್ಚುವುದಿಲ್ಲ. ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯ ಇಕ್ಕಟ್ಟಿನಿಂದ ಅಷ್ಟು ದೊಡ್ಡ ಡಬ್ಬಿ ಹೊತ್ತು ತಂದು ಮರುದಿನ ಮತ್ತೆ ಹೊತ್ತುಕೊಂಡು ಹೋಗುವ ಕಷ್ಟ ನನಗೆ ಗೊತ್ತು. ರ‍್ಯಾಮ್ ಎತ್ತರದ್ದಾದರೆ ಮುಂದಿನ ಫ್ಯಾನ್ ಅದಕ್ಕೆ ತಾಗುತ್ತದೆಯೇ ಎಂಬುದನ್ನೂ ನೋಡಿ. ಇಂಟೆಲಿನ ಎಲ್‌ಜಿಎ1700 ಸಾಕೆಟ್ಟಿನ ರಂಧ್ರಗಳ ಅಂತರ 78 ಮಿ.ಮೀ., ಅದಕ್ಕೂ ಹಿಂದಿನದು 75; ಹಳೆಯ ಕೂಲರನ್ನು ಮುಂದುವರಿಸುವವರು ಅದನ್ನು ಕೂರಿಸುವ ಹೊಸ ಲೋಹದ ಪಟ್ಟಿ ಕೇಳಿ ಪಡೆಯಬೇಕು. ರೇಡಿಯೇಟರಿಗೆ ಜೊತೆಯಲ್ಲಿ ಬಂದ ಸ್ಕ್ರೂಗಳನ್ನೇ ಬಳಸಿ. ಉದ್ದದ ಸ್ಕ್ರೂ ಒಳಗಿನ ನೀರಿನ ನಾಳವನ್ನು ತೂತು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕ್ಯಾಬಿನೆಟ್ ಮುಂಭಾಗ ಗಾಜಿನದೋ ಗಟ್ಟಿ ಹಾಳೆಯದೋ ಆಗಿದ್ದರೆ ಎಂಥ ಫ್ಯಾನೂ ಏದುಸಿರು ಬಿಡುತ್ತದೆ. ಜಾಲರಿಯ ಮುಖ, ತೊಳೆಯಲು ಬರುವ ಧೂಳುಜರಡಿ, ಮುಂದೆ ಎರಡು ಒಳಗೆ ಎಳೆಯಲು, ಹಿಂದೆ ಒಂದು ಹೊರಗೆ ತಳ್ಳಲು, ಇಷ್ಟು ಸಾಕು. ತಗಡಿನಲ್ಲಿ ಅಚ್ಚುಹೊಡೆದ ದಪ್ಪ ಜಾಲರಿ ಫ್ಯಾನಿಗೆ ತೀರ ಹತ್ತಿರವಿದ್ದರೆ ಅದೇ ಸಿಳ್ಳೆ ಹಾಕುತ್ತದೆ. ಒಂದೆರಡು ಸೆಂಟಿಮೀಟರ್ ದೂರ ಸಿಕ್ಕಿದರೂ ವ್ಯತ್ಯಾಸ ಕೇಳುತ್ತದೆ.

ಬಾಗಿಲಿನ ಒಳಬದಿಯ ಚೀಟಿ

ಎಲ್ಲ ಮುಗಿದ ಮೇಲೆ ಮೊದಲಿನ ಮೂರು ಹೊತ್ತಿನ ಅಂಕಿಗಳನ್ನು ಅದೇ ರಾತ್ರಿಯ ಮೌನದಲ್ಲಿ ಮತ್ತೊಮ್ಮೆ ತೆಗೆದು, ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಬಾಗಿಲಿನ ಒಳಬದಿಗೆ ಅಂಟಿಸಿ. ಆರು ತಿಂಗಳಲ್ಲಿ ಸದ್ದು ಮರಳಿದರೆ ಹೋಲಿಸಲು ಒಂದು ಆಧಾರ ಇರುತ್ತದೆ. ಕೋಣೆಯ ತಾಪ ಅಷ್ಟೇ ಇದ್ದು, ಅದೇ ವೇಗದಲ್ಲಿ ಪ್ರೊಸೆಸರ್ 5 ಡಿಗ್ರಿ ಏರಿದ್ದರೆ ಧೂಳು. 10-15 ಏರಿದ್ದರೆ ಪೇಸ್ಟ್ ಅಥವಾ ಪಂಪ್. ತಾಪವೂ ವೇಗವೂ ಮೊದಲಿನಂತೆಯೇ ಇದ್ದು ಸದ್ದು ಮಾತ್ರ ಬೇರೆಯಾಗಿದ್ದರೆ ಬೇರಿಂಗ್. ನನ್ನ ಚೀಟಿಯಲ್ಲಿ ಸದ್ಯ ಇರುವುದು: ಕೋಣೆ 28, ಸುಮ್ಮನಿದ್ದಾಗ 44, ಭಾರದಲ್ಲಿ 71, ಪಂಪ್ ಶೇ. 75, ಹಿಂದಿನ ಫ್ಯಾನ್ 620 ಸುತ್ತು, ಡಿಸಿ. ಕೊನೆಯ ಎರಡಕ್ಷರದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದೇನೆ.